ಮಿಕ್ಸರ್ ಕೈಕೊಟ್ಟಿತು ಎನ್ನುವ ಮುನ್ನ

ಹೊರನಾಡಿನ ಕನ್ನಡ ಸಂಘಗಳ ಕಾರ್ಯಕಾರಿ ಸಮಿತಿಯ ಸಭೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಕೇಳಿಬರುವ ಮಾತೊಂದಿದೆ: ‘ಈ ಸಲ ಮಿಕ್ಸರ್ ಕೈಕೊಟ್ಟಿತು.’ ನಡಾವಳಿ ಪುಸ್ತಕದಲ್ಲಿ ಅದು ‘ತಾಂತ್ರಿಕ ಅಡಚಣೆ’ ಎಂದು ದಾಖಲಾಗುತ್ತದೆ. ಅಧ್ಯಕ್ಷರು ವಿಷಾದ ವ್ಯಕ್ತಪಡಿಸುತ್ತಾರೆ. ಸಭೆ ಮುಂದಿನ ವಿಷಯಕ್ಕೆ, ಸಾಮಾನ್ಯವಾಗಿ ಊಟದ ಲೆಕ್ಕಕ್ಕೆ, ದಾಟಿಬಿಡುತ್ತದೆ. ನೌಕರಿಯ ನಿಮಿತ್ತ ಊರೂರು ಸುತ್ತುತ್ತ ಮೂರು ನಗರಗಳ ಸಂಘಗಳಲ್ಲಿ ಧ್ವನಿವ್ಯವಸ್ಥೆಯ ಮೇಜಿನ ಹಿಂದೆ ಕುಳಿತಿರುವ ನನಗೆ ಈ ವಾಕ್ಯದ ಬಗ್ಗೆ ಬಹುಕಾಲದಿಂದ ಅನುಮಾನವಿದೆ. ಕೈಕೊಟ್ಟದ್ದು ನಿಜವಾಗಿಯೂ ಮಿಕ್ಸರ್ ಆಗಿರುವುದು ಅಪರೂಪ. ಕಾರ್ಯಕ್ರಮಕ್ಕೆ ಒಂದೆರಡು ದಿನ ಮೊದಲು, ಕೆಲವೊಮ್ಮೆ ಅದೇ ಮಧ್ಯಾಹ್ನ, ಯಾರೋ ಉತ್ಸಾಹಿಗಳು ಅದರ ಫರ್ಮ್‌ವೇರನ್ನು ‘ಅಪ್‌ಡೇಟ್’ ಮಾಡಿರುತ್ತಾರೆ. ಅದಕ್ಕೆ ಮೊದಲು ಯಂತ್ರ ಯಾವ ಸ್ಥಿತಿಯಲ್ಲಿತ್ತು, ಆಮೇಲೆ ಏನು ಬದಲಾಯಿತು ಎಂಬುದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರುವುದಿಲ್ಲ. ಹೀಗೆ ಬರೆದಿಡದೆ ಹೋಗುವುದೇ ನಮ್ಮ ಸಂಘಗಳ ನಿಜವಾದ ತಾಂತ್ರಿಕ ಅಡಚಣೆ ಎಂಬುದು ನನ್ನ ವಾದ.

ಫರ್ಮ್‌ವೇರ್ ಎಂದರೇನೆಂದು ಹೇಳಿಯೇ ಮುಂದೆ ಹೋಗಬೇಕು. ಹಳೆಯ ಅನಲಾಗ್ ಮಿಕ್ಸರಿನಲ್ಲಿ ಗುಂಡಿ ಎಲ್ಲಿ ನಿಂತಿದೆಯೋ ಅದೇ ಯಂತ್ರದ ಸ್ಥಿತಿ. ದೀಪ ಹೋಗಿ ಬಂದರೂ ಗುಂಡಿ ಅಲ್ಲಿಯೇ ಇರುತ್ತದೆ, ಧ್ವನಿಯೂ ಹಾಗೆಯೇ ಬರುತ್ತದೆ. ಡಿಜಿಟಲ್ ಮಿಕ್ಸರಿನ ವ್ಯವಹಾರ ಬೇರೆ. ಮೈಕಿನಿಂದ ಬಂದ ಧ್ವನಿ ಒಳಗೆ ಅಂಕಿಗಳಾಗುತ್ತದೆ, ಸಾಮಾನ್ಯವಾಗಿ ಸೆಕೆಂಡಿಗೆ 48,000 ಬಾರಿ ಅಳೆಯಲ್ಪಟ್ಟು. ಆ ಅಂಕಿಗಳನ್ನು ಏನು ಮಾಡಬೇಕು, ಎಲ್ಲಿಗೆ ಕಳುಹಿಸಬೇಕು ಎಂಬುದನ್ನು ಯಂತ್ರದೊಳಗೇ ನೆಲೆಸಿರುವ ಒಂದು ತಂತ್ರಾಂಶ ತೀರ್ಮಾನಿಸುತ್ತದೆ. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಹಳೆಯ ಮಿಕ್ಸರಿನಲ್ಲಿ ಗುಂಡಿಯೇ ಆದೇಶ. ಹೊಸದರಲ್ಲಿ ಗುಂಡಿ ಬರಿಯ ಅರ್ಜಿ. ಅರ್ಜಿಯನ್ನು ಪರಿಶೀಲಿಸಿ ಆದೇಶ ಹೊರಡಿಸುವ ನಿಯಮಾವಳಿಯೇ ಫರ್ಮ್‌ವೇರ್. ಅದನ್ನು ನವೀಕರಿಸುವುದೆಂದರೆ ನಿಯಮಾವಳಿಗೆ ತಿದ್ದುಪಡಿ ತರುವುದು. ತಿದ್ದುಪಡಿಯ ಮರುದಿನ ಯಾವ ಕಚೇರಿಯಲ್ಲಿಯೂ ಕೆಲಸ ಎಂದಿನಂತೆ ನಡೆಯುವುದಿಲ್ಲ ಎಂಬುದು ಸರ್ಕಾರಿ ನೌಕರನಾದ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಂಥ ಯಂತ್ರಗಳು ನಮ್ಮ ಕೈಗೆ ಬಂದು ಬಹಳ ಕಾಲವೇನೂ ಆಗಿಲ್ಲ. ಯಮಾಹಾ ಸಂಸ್ಥೆಯ ಪ್ರೊಮಿಕ್ಸ್ 01 ಎಂಬ ಪುಟ್ಟ ಡಿಜಿಟಲ್ ಮಿಕ್ಸರ್ 1994ರಷ್ಟು ಹಿಂದೆಯೇ ಬಂದಿತ್ತಾದರೂ, ಸಂಘಸಂಸ್ಥೆಗಳ ಸಭಾಭವನಗಳಲ್ಲಿ ಬಹುಕಾಲ ಅನಲಾಗ್ ಮೇಜುಗಳದೇ ರಾಜ್ಯ. 2012ರಲ್ಲಿ ಬೆರಿಂಜರ್‌ನ ಎಕ್ಸ್32, 2013ರಲ್ಲಿ ಅಲೆನ್ ಅಂಡ್ ಹೀತ್‌ನ ಕ್ಯೂ-16, 2015ರಲ್ಲಿ ಯಮಾಹಾದ ಟಿಎಫ್ ಸರಣಿ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಮೂವತ್ತೆರಡು ಮೈಕುಗಳ ಮಿಕ್ಸರ್ ಒಂದು ಸಂಘದ ಕಟ್ಟಡ ನಿಧಿಯ ಬಡ್ಡಿಗೂ ಎಟುಕುವಂತಾಯಿತು. ವಂತಿಗೆ ಎತ್ತಿಯೋ, ದಾನಿಗಳ ಹೆಸರನ್ನು ಪೆಟ್ಟಿಗೆಯ ಮೇಲೆ ಬರೆಸಿಯೋ, ಯಾವುದೋ ಬಾಡಿಗೆ ಕಂಪನಿಯ ಹಳೆಯ ಸರಕನ್ನು ಕೊಂಡೋ ನಾವೆಲ್ಲ ಡಿಜಿಟಲ್ ಆದೆವು.

ಈ ಯಂತ್ರಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ‘ಸೀನ್’ ಎಂಬ ವ್ಯವಸ್ಥೆ. ನಾಟಕದಿಂದ ಎರವಲು ತಂದ ಪದ. ಕನ್ನಡದಲ್ಲಿ ‘ದೃಶ್ಯ’ ಎಂದೇ ಕರೆಯೋಣ. ಒಂದು ಕಾರ್ಯಕ್ರಮಕ್ಕೆ ಹೊಂದಿಸಿದ ಎಲ್ಲ ಗುಂಡಿಗಳ ಸ್ಥಾನ, ಪ್ರತಿ ಮೈಕಿನ ಏರಿಳಿತ, ಸ್ವರದ ಹದ, ಯಾವುದು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಎಂಬ ದಾರಿ, ಇವೆಲ್ಲವನ್ನೂ ಒಂದು ಹೆಸರು ಕೊಟ್ಟು ಉಳಿಸಿಡಬಹುದು. ಎಕ್ಸ್32ರಲ್ಲಿ ಇಂಥ ನೂರು ದೃಶ್ಯಗಳಿಗೆ ಜಾಗವಿದೆ. ಮುಂದಿನ ವರ್ಷ ಅದೇ ಕಾರ್ಯಕ್ರಮ ಬಂದಾಗ ಆ ದೃಶ್ಯವನ್ನು ಕರೆದರೆ ಸಾಕು, ಮೋಟಾರು ಜೋಡಿಸಿದ ಫೇಡರುಗಳು ಸರಸರನೆ ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಲ್ಲುತ್ತವೆ. ಮೊದಲ ಸಲ ನೋಡಿದವರಿಗೆ ಅದೊಂದು ಮಾಯೆಯಂತೆ ಕಾಣುತ್ತದೆ.

ನಾನು ಹಿಂದೆ ಇದ್ದ ನಗರವೊಂದರ ಸಂಘದಲ್ಲಿ ಹೀಗೆ ಯಕ್ಷಗಾನಕ್ಕೆಂದೇ ಕಟ್ಟಿದ ಒಂದು ದೃಶ್ಯವಿತ್ತು. ಕಟ್ಟಿದವರು ಕುಂದಾಪುರದ ಕಡೆಯ ಹಿರಿಯರು, ನಿವೃತ್ತರು. ಇಂಜಿನಿಯರ್ ಅಲ್ಲ, ಧ್ವನಿತಂತ್ರವನ್ನು ಶಾಲೆಯಲ್ಲಿ ಕಲಿತವರೂ ಅಲ್ಲ. ಆದರೆ ಬಾಲ್ಯದಿಂದ ಬಯಲಾಟ ಕೇಳಿದ ಕಿವಿ. ಚೆಂಡೆಗೆ ಮೈಕಿನ ಅಗತ್ಯವೇ ಕಡಿಮೆ. ಮುಚ್ಚಿದ ಸಭಾಂಗಣದಲ್ಲಿ ಅದು ತಾನಾಗಿಯೇ ಕೊನೆಯ ಸಾಲಿನವರೆಗೂ ಹೋಗುತ್ತದೆ. ತೊಂದರೆ ಇರುವುದು ಪಕ್ಕದಲ್ಲೇ ಕುಳಿತ ಭಾಗವತರ ಮೈಕಿಗೂ ಅದು ನುಗ್ಗುವುದರಲ್ಲಿ. ಭಾಗವತರ ಧ್ವನಿಯನ್ನು ಏರಿಸಿದರೆ ಚೆಂಡೆಯೂ ಏರುತ್ತದೆ. ಮದ್ದಳೆಯ ಗುಂಗು ಉಳಿಯಬೇಕು, ಆದರೆ ಪದ್ಯದ ಸಾಹಿತ್ಯ ಮಸುಕಾಗಬಾರದು. ಅರ್ಥ ಹೇಳುವ ವೇಷಧಾರಿ ರಂಗದ ತುಂಬ ಓಡಾಡುವಾಗ ಮೇಲಿಂದ ಇಳಿಬಿಟ್ಟ ಮೈಕುಗಳು ಒಂದರಿಂದ ಒಂದಕ್ಕೆ ಮಾತನ್ನು ಎತ್ತಿಕೊಳ್ಳಬೇಕು. ಆ ಹಿರಿಯರು ನಾಲ್ಕೈದು ವರ್ಷಗಳ ಆಟಗಳಲ್ಲಿ, ಪ್ರತಿ ಸಲವೂ ಒಂದಿಷ್ಟು ತಿದ್ದಿ, ಈ ಎಲ್ಲವನ್ನೂ ಹದಕ್ಕೆ ತಂದಿದ್ದರು. ಬಳಿಕ ಅವರು ಊರಿಗೆ ಮರಳಿದರು. ಅವರ ಕಿವಿ ಮಾತ್ರ ಆ ದೃಶ್ಯದ ರೂಪದಲ್ಲಿ ನಮ್ಮೊಡನೆ ಉಳಿದಿತ್ತು. ನಾನು ಕಂಡ ಮಿಕ್ಸರುಗಳಲ್ಲಿ ದೃಶ್ಯಕ್ಕೆ ಕನ್ನಡದಲ್ಲಿ ಹೆಸರಿಡಲು ಬರುವುದಿಲ್ಲವಾದ್ದರಿಂದ ಅದು ರೋಮನ್ ಅಕ್ಷರಗಳಲ್ಲಿ ‘ಯಕ್ಷ 2 ಫೈನಲ್’ ಎಂದಿತ್ತು. ಅದರ ಪಕ್ಕದಲ್ಲಿ ‘ಯಕ್ಷ ಫೈನಲ್ ಹೊಸದು’ ಎಂಬುದೂ ಇತ್ತು. ಯಾವುದು ನಿಜವಾದ ಕೊನೆಯದು ಎಂದು ಅವರಿಗಷ್ಟೇ ಗೊತ್ತಿತ್ತು.

ರಾಜ್ಯೋತ್ಸವದ ಅಂಗವಾಗಿ ಊರ ಕಡೆಯಿಂದ ಮೇಳವೊಂದು ಬಂದಿದ್ದ ವರ್ಷ, ಆಟದ ದಿನವೇ ಮಧ್ಯಾಹ್ನ ಇಬ್ಬರು ತರುಣ ಕಾರ್ಯಕರ್ತರು ಫರ್ಮ್‌ವೇರ್ ನವೀಕರಿಸಿದರು. ಉದ್ದೇಶ ಒಳ್ಳೆಯದೇ: ಟ್ಯಾಬ್ಲೆಟ್ಟಿನಿಂದ ಮಿಕ್ಸರನ್ನು ನಡೆಸುವ ಆ್ಯಪ್ ಅದನ್ನು ಕೇಳುತ್ತಿತ್ತು. ನವೀಕರಣ ಸುಸೂತ್ರವಾಗಿ ಮುಗಿಯಿತು. ಯಂತ್ರ ಎಚ್ಚರಗೊಂಡಿತು, ದೀಪಗಳು ಬೆಳಗಿದವು, ಆದರೆ ವೇದಿಕೆಯಿಂದ ಒಂದು ಉಸಿರೂ ಬರಲಿಲ್ಲ. ಆಗಿದ್ದದ್ದು ಇಷ್ಟೇ: ವೇದಿಕೆಯ ಮೇಲಿನ ಸ್ಟೇಜ್ ಬಾಕ್ಸಿನಿಂದ ಧ್ವನಿ ಪಡೆಯಬೇಕಾದ ಮಿಕ್ಸರ್ ತನ್ನದೇ ಬೆನ್ನಿನ ಖಾಲಿ ಸಾಕೆಟ್ಟುಗಳ ಕಡೆ ತಿರುಗಿ ಕುಳಿತಿತ್ತು. ಇನ್‌ಪುಟ್ ದಾರಿಯ ಪುಟ ತೆರೆದು ನೋಡಿದ್ದರೆ, ಅಥವಾ ಹಳೆಯ ದೃಶ್ಯವನ್ನು ಕರೆದಿದ್ದರೆ, ಒಂದು ನಿಮಿಷದ ಕೆಲಸ. ಗಾಬರಿಯಾದವರಿಗೆ ಅದು ಹೊಳೆಯುವುದಿಲ್ಲ. ಅವರು ಪೆನ್ ಡ್ರೈವ್ ಬದಲಿಸಿ ಮತ್ತೊಮ್ಮೆ ನವೀಕರಿಸಿದರು. ಆಮೇಲೆ ಪರದೆಯ ಮೇಲೆ ‘ಇನಿಷಿಯಲೈಸ್’ ಎಂಬ ಗುಂಡಿ ಕಂಡಿತು. ಹೊಸದಾಗಿ ಆರಂಭಿಸುವುದು ಎಂದು ಅರ್ಥ ಮಾಡಿಕೊಂಡು ಒತ್ತಿದರು. ಖಚಿತವೇ ಎಂದು ಕೇಳಿದ್ದಕ್ಕೆ ಹೌದು ಎಂದರು.

ದೃಶ್ಯಗಳೆಲ್ಲ ಹೋದವು. ಪ್ರತಿ ಎಲ್ಲಿಯೂ ಇರಲಿಲ್ಲ.

ಆ ಸಂಜೆ ಧ್ವನಿ ಬಂತು, ಬರಲಿಲ್ಲವೆಂದಲ್ಲ. ಆದರೆ ಮೊದಲ ಮುಕ್ಕಾಲು ಗಂಟೆ ಭಾಗವತರ ಪದ ಹಿಂದಿನ ಸಾಲುಗಳಿಗೆ ತಲುಪಲಿಲ್ಲ. ಬರಿಯ ಚೆಂಡೆ ಕೇಳಿಸಿತು. ವರ್ಷಕ್ಕೊಮ್ಮೆ ಯಕ್ಷಗಾನ ಕಾಣುವ ಊರು ಅದು. ಹಿಂದಿನ ಸಾಲುಗಳಲ್ಲಿ ಕುಳಿತಿದ್ದವರು ಹೆಚ್ಚಾಗಿ ಮಕ್ಕಳನ್ನು ಕರೆತಂದ ತಾಯಂದಿರು, ತಡವಾಗಿ ಲೋಕಲ್ ರೈಲು ಹಿಡಿದು ಬಂದವರು. ತಮ್ಮ ಮಗ ಮೊದಲ ಬಾರಿಗೆ ನೋಡಿದ ಆಟದಲ್ಲಿ ಒಂದು ಪದ್ಯವೂ ಅರ್ಥವಾಗಲಿಲ್ಲವೆಂದ, ಅದು ಕನ್ನಡವೇ ಎಂದು ಕೇಳಿದ ಎಂದು ಒಬ್ಬರು ನನಗೆ ಮರುದಿನ ಹೇಳಿದರು. ಸಮಿತಿಯ ನಡಾವಳಿಯಲ್ಲಿ ಎಂದಿನ ವಾಕ್ಯ ಬಂತು.

ತರುಣರನ್ನು ದೂರುವುದು ಸುಲಭ, ನಾನು ದೂರಲಾರೆ. ಅವರು ಓದಿದ್ದು ಸರಿಯಾದ ಇಂಗ್ಲಿಷ್. ಇನಿಷಿಯಲ್ ಎಂದರೆ ಆದಿ, ಇನಿಷಿಯಲೈಸ್ ಎಂದರೆ ಆದಿಯಿಂದ ತೊಡಗುವುದು. ಯಂತ್ರದ ಭಾಷೆಯಲ್ಲಿ ಅದರ ಅರ್ಥ ‘ಇರುವುದನ್ನೆಲ್ಲ ಅಳಿಸಿ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಒಯ್ಯುವುದು.’ ಇಂಗ್ಲಿಷ್ ಎಂ.ಎ. ಮಾಡಿದ ನನಗೆ ಈ ಬಗೆಯ ಪದಗಳ ಮೇಲೆ ವಿಚಿತ್ರ ಕುತೂಹಲ. ‘ಸ್ಟೋರ್’ ಎಂಬುದು ನಿರಪಾಯವಾದ ಮಾತು. ದಾಸ್ತಾನು ಮಾಡು, ಜೋಪಾನವಾಗಿಡು. ಆದರೆ ಮಿಕ್ಸರಿನಲ್ಲಿ ತಪ್ಪು ಸಂಖ್ಯೆಯ ಮೇಲೆ ಸ್ಟೋರ್ ಒತ್ತಿದರೆ ಅಲ್ಲಿ ಮೊದಲಿದ್ದ ದೃಶ್ಯ ಅಳಿಯುತ್ತದೆ. ‘ರೀಕಾಲ್’ ಎಂದರೆ ನೆನಪು ಮಾಡಿಕೊಳ್ಳುವುದು. ಅದನ್ನು ಒತ್ತಿದೊಡನೆ ಈಗ ಕೈಯಲ್ಲಿರುವುದೆಲ್ಲ, ಉಳಿಸದೆ ಇದ್ದರೆ, ಮರೆತುಹೋಗುತ್ತದೆ. ಜೋಪಾನ ಮಾಡಿದರೂ ಅಳಿಯುವ, ನೆನೆದರೂ ಮರೆಯುವ ಈ ಶಬ್ದಪ್ರಪಂಚವನ್ನು ಕನ್ನಡದಲ್ಲಿ ಒಂದು ಸಲ ಸ್ಪಷ್ಟವಾಗಿ ಬರೆದಿಟ್ಟರೆ ಎಷ್ಟೋ ಅನಾಹುತ ತಪ್ಪುತ್ತದೆ. ‘ಇದನ್ನು ಒತ್ತಿದರೆ ಎಲ್ಲ ದೃಶ್ಯಗಳೂ ಅಳಿಯುತ್ತವೆ’ ಎಂಬ ವಾಕ್ಯಕ್ಕೆ ಎರಡು ಅರ್ಥವಿಲ್ಲ. ಭಾಷಾಭಿಮಾನದಿಂದ ಹೇಳುತ್ತಿಲ್ಲ. ಸಂಜೆ ಆರೂಕಾಲಿಗೆ, ಪರದೆಯ ಹಿಂದೆ ವೇಷಧಾರಿಗಳು ಸಿದ್ಧರಾಗಿ ನಿಂತಿರುವಾಗ, ಕಾರ್ಯದರ್ಶಿ ಮೂರನೆಯ ಸಲ ಬಂದು ‘ಆಯಿತೇ?’ ಎಂದು ಕೇಳುವಾಗ, ಮನುಷ್ಯ ಓದಬಲ್ಲ ಭಾಷೆ ಒಂದೇ.

ಹಾಗಾದರೆ ತೊಂದರೆ ಬಂದಾಗ ಹುಡುಕುವ ಬಗೆ ಹೇಗೆ? ನನ್ನ ಅನುಭವದಲ್ಲಿ ಅನುಮಾನ ಮೊದಲು ಹೋಗಬೇಕಾದದ್ದು ಅತ್ಯಂತ ಅಗ್ಗದ ವಸ್ತುವಿನ ಕಡೆಗೆ, ಅಂದರೆ ಪೆನ್ ಡ್ರೈವಿನ ಕಡೆಗೆ. ಬಹುಪಾಲು ಮಿಕ್ಸರುಗಳು ಫ್ಯಾಟ್32 ಎಂಬ ಹಳೆಯ ಕ್ರಮದಲ್ಲಿ ಸಿದ್ಧಪಡಿಸಿದ ಡ್ರೈವನ್ನು ಮಾತ್ರ ಓದುತ್ತವೆ. ಇಂದು ಅಂಗಡಿಯಲ್ಲಿ ಸಿಗುವ ದೊಡ್ಡ ಡ್ರೈವುಗಳು ಬೇರೆ ಕ್ರಮದಲ್ಲಿ ಬರುತ್ತವೆ, ಮತ್ತು ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿ ಬಹುಕಾಲ 32 ಜಿಬಿಗಿಂತ ದೊಡ್ಡದಕ್ಕೆ ಫ್ಯಾಟ್32 ಆಯ್ಕೆಯನ್ನೇ ಕೊಡುತ್ತಿರಲಿಲ್ಲ. ಆದ್ದರಿಂದ 8 ಅಥವಾ 16 ಜಿಬಿಯ ಹಳೆಯ ಡ್ರೈವೊಂದನ್ನು ಇದಕ್ಕೆಂದೇ ಮೀಸಲಿಡುವುದು ಲೇಸು. ಕ್ಯೂ ಸರಣಿಯಂಥ ಮಿಕ್ಸರುಗಳು ಡ್ರೈವನ್ನು ತಮ್ಮ ಕೈಯಿಂದಲೇ ಫಾರ್ಮ್ಯಾಟ್ ಮಾಡಿಸಿಕೊಳ್ಳಬಯಸುತ್ತವೆ. ಮಡಿವಂತರ ಮನೆಯ ಅಡುಗೆಯಂತೆ, ಹೊರಗಿನ ಪಾತ್ರೆ ನಡೆಯದು. ಇಳಿಸಿಕೊಂಡ ಕಡತವನ್ನು ಜಿಪ್ ಕಟ್ಟಿನಿಂದ ಬಿಡಿಸದೆ ಹಾಗೆಯೇ ಹಾಕುವವರಿದ್ದಾರೆ. ಎರಡು ಸಲ ಇಳಿಸಿಕೊಂಡಾಗ ಬ್ರೌಸರ್ ತಾನಾಗಿ ಹೆಸರಿನ ತುದಿಗೆ ಒಂದು ಅಂಕಿ ಸೇರಿಸುತ್ತದೆ. ನಿರ್ದಿಷ್ಟ ಹೆಸರನ್ನೇ ಹುಡುಕುವ ಯಂತ್ರ ಅದನ್ನು ಗುರುತಿಸುವುದಿಲ್ಲ. ಕಡತವನ್ನು ಯಾವುದೋ ಫೋಲ್ಡರಿನ ಒಳಗಿಟ್ಟು, ಯಂತ್ರ ಕಾಣುತ್ತಿಲ್ಲವೆಂದು ಅದನ್ನು ಬೈಯುವುದನ್ನೂ ನೋಡಿದ್ದೇನೆ.

ಎರಡನೆಯದು ವಿದ್ಯುತ್ತು. ನಿಯಮಾವಳಿಯ ಹಳೆಯ ಪುಟಗಳನ್ನು ಹರಿದು ಹೊಸದನ್ನು ಅಂಟಿಸುತ್ತಿರುವಾಗ ದೀಪ ಹೋದರೆ ಯಂತ್ರದ ಬಳಿ ಹಳೆಯದೂ ಪೂರ್ತಿ ಇರುವುದಿಲ್ಲ, ಹೊಸದೂ ಇರುವುದಿಲ್ಲ. ಸಭಾಭವನಗಳಲ್ಲಿ ವಿದ್ಯುತ್ ಮಂಡಳಿಯಿಂದ ಜನರೇಟರಿಗೆ ಬದಲಾಯಿಸುವ ಆ ಮೂರು ಸೆಕೆಂಡು ಸಾಕು. ಐವತ್ತು ಸಾವಿರ ದಾಟುವ ಯಂತ್ರಕ್ಕೆ ಮೂರು ಸಾವಿರದ ಯುಪಿಎಸ್ ಕೊಳ್ಳಲು ನಮ್ಮ ಖಜಾಂಚಿಗಳು ಏಕೆ ಹಿಂಜರಿಯುತ್ತಾರೋ ನನಗೆ ಇಂದಿಗೂ ತಿಳಿದಿಲ್ಲ.

ಮೂರನೆಯದು ನಮ್ಮ ಅಸಹನೆ. ಎಕ್ಸ್32ರ ಉದಾಹರಣೆ ಕೊಡುತ್ತೇನೆ, ಏಕೆಂದರೆ ಅನೇಕ ಸಂಘಗಳಲ್ಲಿರುವುದು ಅದೇ. ಡ್ರೈವ್ ಚುಚ್ಚಿ, ಮಾನಿಟರ್ ವಿಭಾಗದ ‘ವ್ಯೂ’ ಗುಂಡಿಯನ್ನು ಒತ್ತಿಹಿಡಿದು ಯಂತ್ರವನ್ನು ಹೊತ್ತಿಸಬೇಕು. ಆಗ ಅದು ನವೀಕರಣದ ಸ್ಥಿತಿಗೆ ಹೋಗಿ, ಎಂದಿಗಿಂತ ಎರಡು ಮೂರು ನಿಮಿಷ ಹೆಚ್ಚು ತೆಗೆದುಕೊಂಡು, ಕೆಲಸ ಮುಗಿಸಿ ಎಚ್ಚರಗೊಳ್ಳುತ್ತದೆ. ಡ್ರೈವಿನಲ್ಲಿ ಸರಿಯಾದ ಕಡತವಿಲ್ಲದಿದ್ದರೆ ಅದೇ ಸ್ಥಿತಿಯಲ್ಲಿ ಕಾಯುತ್ತ ನಿಂತುಬಿಡುತ್ತದೆ, ಮುಂದೆ ಹೋಗುವುದಿಲ್ಲ. ಯಂತ್ರ ಸತ್ತಿತೆಂದು ಜನ ತಲೆಯ ಮೇಲೆ ಕೈ ಹೊರುವುದು ಇಲ್ಲಿಯೇ. ಅದು ಸತ್ತಿರುವುದಿಲ್ಲ, ಆರಿಸಿ, ಗುಂಡಿ ಒತ್ತದೆ ಮತ್ತೆ ಹೊತ್ತಿಸಿದರೆ ಹಳೆಯ ಫರ್ಮ್‌ವೇರಿನೊಂದಿಗೆ ಏನೂ ಆಗದಂತೆ ಏಳುತ್ತದೆ. ಎರಡು ಸಾಲಿನ ಈ ಮಾಹಿತಿ ಕೈಪಿಡಿಯಲ್ಲಿದೆ. ಕೈಪಿಡಿ ಪೆಟ್ಟಿಗೆಯ ತಳದಲ್ಲಿ, ಥರ್ಮೋಕೋಲಿನ ಕೆಳಗೆ ಇರುತ್ತದೆ.

ನವೀಕರಣ ನೆಟ್ಟಗೆ ಮುಗಿದ ಮೇಲೆ ಬರುವ ತೊಂದರೆಗಳೇ ಹೆಚ್ಚು ಮೋಸಗಾರರು, ಏಕೆಂದರೆ ಅವು ಯಂತ್ರ ಕೆಟ್ಟಂತೆ ನಟಿಸುತ್ತವೆ. ಇಳಿಬಿಟ್ಟ ಕಂಡೆನ್ಸರ್ ಮೈಕುಗಳೆಲ್ಲ ಮೂಕವಾಗಿ, ಕೈಯಲ್ಲಿ ಹಿಡಿಯುವ ಡೈನಾಮಿಕ್ ಮೈಕುಗಳು ಮಾತ್ರ ಮಾತನಾಡುತ್ತಿದ್ದರೆ ಫರ್ಮ್‌ವೇರನ್ನು ದೂರಬೇಕಾಗಿಲ್ಲ. ಆ ಮೈಕುಗಳಿಗೆ ಮಿಕ್ಸರಿನಿಂದ ಹೋಗಬೇಕಾದ 48 ವೋಲ್ಟಿನ ಫ್ಯಾಂಟಮ್ ವಿದ್ಯುತ್ತು ಮೂಲಸ್ಥಿತಿಗೆ ಬಂದು ಆರಿರುತ್ತದೆ. ಧ್ವನಿಯ ನಡುವೆ ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ ಚಟಪಟ ಕೇಳಿಸಿದರೆ ಗಡಿಯಾರದ ಜಗಳ ಎಂದು ತಿಳಿಯಬೇಕು. ಡಿಜಿಟಲ್ ಯಂತ್ರಗಳ ಸರಪಣಿಯಲ್ಲಿ ತಾಳ ಹಾಕುವವರು ಒಬ್ಬರೇ ಇರಬೇಕು, ಉಳಿದವರೆಲ್ಲ ಅದನ್ನು ಅನುಸರಿಸಬೇಕು. ಮಿಕ್ಸರ್ ಮತ್ತು ಸ್ಟೇಜ್ ಬಾಕ್ಸ್ ಎರಡೂ ತಾವೇ ಭಾಗವತರೆಂದು ಕುಳಿತರೆ ಆಟ ಕೆಡುತ್ತದೆ. ಸ್ಟೇಜ್ ಬಾಕ್ಸಿಗೂ ತನ್ನದೇ ಫರ್ಮ್‌ವೇರ್ ಇದೆ ಎಂಬುದನ್ನು ಮರೆಯುವವರು ಬಹಳ. ಜಾಲದ ಮೂಲಕ ಧ್ವನಿ ಸಾಗಿಸುವ ಡಾಂಟೆ ವ್ಯವಸ್ಥೆ ಇದ್ದರಂತೂ ಅದಕ್ಕೊಂದು ಪ್ರತ್ಯೇಕ ಆವೃತ್ತಿ. ಯಾವ ಮಿಕ್ಸರ್ ಆವೃತ್ತಿಗೆ ಯಾವ ಸ್ಟೇಜ್ ಬಾಕ್ಸ್ ಆವೃತ್ತಿ, ಯಾವ ಡಾಂಟೆ ಆವೃತ್ತಿ ಕೂಡಿಬರುತ್ತದೆ ಎಂಬ ಕೋಷ್ಟಕವನ್ನೇ ಯಮಾಹಾ ಪ್ರಕಟಿಸುತ್ತದೆ. ಜಾತಕ ಹೊಂದಿಸುವ ಪಂಚಾಂಗವೆಂದೇ ಅದನ್ನು ನೋಡಬಹುದು, ವ್ಯತ್ಯಾಸವೇನೆಂದರೆ ಇದು ನಿಜವಾಗಿಯೂ ಫಲಿಸುತ್ತದೆ.

ಟ್ಯಾಬ್ಲೆಟ್ಟಿನದು ಇನ್ನೊಂದು ಕಥೆ. ಕೆಲವು ಮಿಕ್ಸರುಗಳು ತಮ್ಮ ಫರ್ಮ್‌ವೇರಿಗೆ ಹೊಂದುವ ಆವೃತ್ತಿಯ ಆ್ಯಪಿನೊಂದಿಗೆ ಮಾತ್ರ ಮಾತನಾಡುತ್ತವೆ. ಟ್ಯಾಬ್ಲೆಟ್ ರಾತ್ರಿ ತಾನಾಗಿ ಆ್ಯಪನ್ನು ನವೀಕರಿಸಿಕೊಂಡುಬಿಟ್ಟರೆ ಬೆಳಿಗ್ಗೆ ಎರಡಕ್ಕೂ ಮಾತುಕತೆ ನಿಂತಿರುತ್ತದೆ. ಮೇಲೆ ಹೇಳಿದ ಪ್ರಸಂಗದ ಮೂಲವೂ ಇದೇ. ಸಂಘದ ಟ್ಯಾಬ್ಲೆಟ್ಟಿನಲ್ಲಿ ಸ್ವಯಂ ನವೀಕರಣವನ್ನು ಆರಿಸಿಡುವುದು ಒಂದು ನಿಮಿಷದ ಕೆಲಸ. ಅದನ್ನು ಮಾಡಿದ್ದರೆ ಆ ಮಧ್ಯಾಹ್ನ ಯಾರೂ ಮಿಕ್ಸರನ್ನು ಮುಟ್ಟಬೇಕಾಗಿಯೇ ಇರಲಿಲ್ಲ.

ಇಷ್ಟು ಹೇಳಿದಾಗ ಗೆಳೆಯರು ಎರಡು ಬಗೆಯ ಆಕ್ಷೇಪ ಎತ್ತುತ್ತಾರೆ. ಒಂದು, ನಾವೇಕೆ ಈ ಉಸಾಬರಿಗೆ ಹೋಗಬೇಕು, ಬಾಡಿಗೆಗೆ ಧ್ವನಿವರ್ಧಕದವರನ್ನು ಕರೆದರಾಯಿತು. ಕರೆಯಬಹುದು. ಅವರು ತಮ್ಮ ಕೆಲಸದಲ್ಲಿ ನಿಪುಣರೂ ಹೌದು. ಆದರೆ ಮದುವೆಯ ಬ್ಯಾಂಡಿಗೂ ರಾಜಕೀಯ ಸಭೆಗೂ ಹದಗೊಳಿಸಿದ ಕೈಗೆ ಭಾಗವತಿಕೆಯ ಏರುಶ್ರುತಿ ಮೈಕಿನ ಕೂಗಾಟದಂತೆ ಕೇಳಿಸುತ್ತದೆ, ತಕ್ಷಣ ಇಳಿಸಿಬಿಡುತ್ತಾರೆ. ಕವಿಗೋಷ್ಠಿಯಲ್ಲಿ ಕವಿ ಸಾಲಿನ ಕೊನೆಗೆ ಧ್ವನಿ ತಗ್ಗಿಸಿದಾಗ ಅದು ಬೇಕೆಂದೇ ತಗ್ಗಿಸಿದ್ದು ಎಂದು ತಿಳಿಯಲು ಭಾಷೆ ಗೊತ್ತಿರಬೇಕು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ನಡೆಯುತ್ತಿರುವ ಯಂತ್ರವನ್ನು ಮುಟ್ಟಲೇಬೇಡಿ, ಹತ್ತು ವರ್ಷ ಹಾಗೆಯೇ ಇರಲಿ. ನಾನೂ ಬಹಳಷ್ಟು ಈ ಪಕ್ಷದವನೇ. ಆದರೆ ಯಂತ್ರ ಒಂಟಿಯಾಗಿ ಬದುಕುವುದಿಲ್ಲ. ಸ್ಟೇಜ್ ಬಾಕ್ಸ್ ಕೆಟ್ಟು ಹೊಸದು ತಂದಾಗ ಅದರ ಹೊಸ ಫರ್ಮ್‌ವೇರ್ ನಮ್ಮ ಹಳೆಯದರೊಂದಿಗೆ ಕೂಡದೆ ಹೋಗಬಹುದು. ಧ್ವನಿಮುದ್ರಣಕ್ಕೆ ಜೋಡಿಸುವ ಲ್ಯಾಪ್‌ಟಾಪ್ ಬದಲಾದಾಗಲೂ ಹಾಗೆಯೇ. ಕೆಲವು ನವೀಕರಣಗಳು ನಿಜವಾದ ಉಡುಗೊರೆಗಳೂ ಹೌದು. ಯಮಾಹಾದ ಸಿಎಲ್ ಸರಣಿಯಲ್ಲಿ ಮೊದಲು ಇಲ್ಲದಿದ್ದ ಡ್ಯಾನ್ ಡೂಗನ್ ಅವರ ಸ್ವಯಂಮಿಶ್ರಣ ವ್ಯವಸ್ಥೆ ಆಮೇಲೆ ಫರ್ಮ್‌ವೇರಿನ ಮೂಲಕವೇ ಬಂತು. ಐದು ಜನ ಕುಳಿತ ವಿಚಾರಗೋಷ್ಠಿಯಲ್ಲಿ ಮಾತನಾಡುವವರ ಮೈಕಿಗೆ ಪಾಲು ಹೆಚ್ಚಿಸಿ, ಸುಮ್ಮನಿರುವವರದನ್ನು ತಗ್ಗಿಸಿ, ಒಟ್ಟು ಮೊತ್ತ ಒಂದೇ ಇರುವಂತೆ ಅದು ನೋಡಿಕೊಳ್ಳುತ್ತದೆ. ಅಧ್ಯಕ್ಷರಿಗಿಂತ ಚೆನ್ನಾಗಿ ಗೋಷ್ಠಿ ನಡೆಸುತ್ತದೆ ಎಂದರೂ ತಪ್ಪಿಲ್ಲ. ಹೀಗಾಗಿ ಎಂದೂ ಮುಟ್ಟಬಾರದು ಎಂಬ ವ್ರತ ಬಹುಕಾಲ ನಡೆಯದು. ಯಾವ ಕಾರಣಕ್ಕೆ, ಯಾವಾಗ, ಯಾರು ಮುಟ್ಟಬೇಕು ಎಂಬುದನ್ನು ನಿರ್ಧರಿಸಬಹುದು. ಹೊಸ ಆವೃತ್ತಿಯೊಂದಿಗೆ ಬರುವ ಬಿಡುಗಡೆ ಟಿಪ್ಪಣಿಯನ್ನು ಓದಿ, ಅದರಲ್ಲಿ ನಮಗೆ ಬಾಧಕವಾದ ದೋಷವೊಂದರ ಪರಿಹಾರವೋ ಬೇಕಾದ ಸೌಲಭ್ಯವೋ ಇದ್ದರೆ ಮಾತ್ರ ಕೈಹಾಕಬೇಕು. (ಆ ಟಿಪ್ಪಣಿಗಳ ಗದ್ಯ ಒಂದು ಪ್ರತ್ಯೇಕ ಪ್ರಬಂಧಕ್ಕೆ ವಸ್ತು. ‘ಅಪರೂಪದ ಸಂದರ್ಭಗಳಲ್ಲಿ ಧ್ವನಿ ನಿಂತುಹೋಗಬಹುದಾಗಿದ್ದ ಸಮಸ್ಯೆ ಪರಿಹರಿಸಲಾಗಿದೆ’ ಎಂಬ ಧಾಟಿಯ ವಾಕ್ಯಗಳನ್ನು ಓದಿದಾಗ, ಆ ಅಪರೂಪದ ಸಂದರ್ಭದಲ್ಲಿ ವೇದಿಕೆಯ ಮೇಲೆ ಯಾರಿದ್ದರೋ ಎಂದು ನನ್ನ ಮನಸ್ಸು ಅಲೆಯುತ್ತದೆ.)

ಹಿಂದಿರುಗುವ ದಾರಿಯ ವಿಚಾರವನ್ನೂ ಮೊದಲೇ ಯೋಚಿಸಬೇಕು. ಹೊಸ ಫರ್ಮ್‌ವೇರಿನಲ್ಲಿ ಉಳಿಸಿದ ದೃಶ್ಯವನ್ನು ಹಳೆಯದು ಅನೇಕ ವೇಳೆ ಓದಲಾರದು. ಹೊಸದು ಹಿಡಿಸದೆ ಹಳೆಯ ಆವೃತ್ತಿಗೆ ಮರಳಿದವರ ಬಳಿ ಹಳೆಯ ಕಾಲದಲ್ಲೇ ತೆಗೆದಿಟ್ಟ ಪ್ರತಿ ಇಲ್ಲದಿದ್ದರೆ, ಮನೆಗೆ ಮರಳಿದರೂ ಬೀಗದ ಕೈ ಇಲ್ಲದ ಸ್ಥಿತಿ.

ನನ್ನ ಮುಖ್ಯ ಮಾತು ಇರುವುದು ಇಲ್ಲಿ. ಹೊರನಾಡಿನ ಸಂಘಗಳನ್ನು ನಡೆಸುವವರು ಯಾರು? ಬ್ಯಾಂಕಿನವರು, ರೈಲ್ವೆಯವರು, ಸೇನೆಯ ಲೆಕ್ಕಪತ್ರದವರು, ನನ್ನಂಥ ಕೇಂದ್ರ ಸರ್ಕಾರದ ನೌಕರರು, ಈಚೆಗೆ ಮಾಹಿತಿ ತಂತ್ರಜ್ಞಾನದ ತರುಣರು. ಮೂರು ವರ್ಷಕ್ಕೋ ನಾಲ್ಕು ವರ್ಷಕ್ಕೋ ವರ್ಗವಾಗಿ ಹೋಗುವವರು. ಕಚೇರಿಯಲ್ಲಿ ವರ್ಗವಾದವನು ಹಸ್ತಾಂತರದ ಟಿಪ್ಪಣಿ ಬರೆಯದೆ ಕುರ್ಚಿ ಬಿಡುವಂತಿಲ್ಲ: ಯಾವ ಕಡತ ಯಾವ ಹಂತದಲ್ಲಿದೆ, ಯಾವುದಕ್ಕೆ ಉತ್ತರ ಬಾಕಿ, ಕಪಾಟಿನ ಕೀಲಿ ಯಾರ ಬಳಿ. ಸಂಜೆ ಅದೇ ಮನುಷ್ಯ ಸಂಘಕ್ಕೆ ಬಂದು, ಲಕ್ಷಾಂತರ ರೂಪಾಯಿಯ ಸಾಮಗ್ರಿಯನ್ನೂ ಹತ್ತಾರು ವರ್ಷಗಳ ಅನುಭವವನ್ನೂ ‘ನಿಮಗೆಲ್ಲ ಗೊತ್ತೇ ಇದೆಯಲ್ಲ’ ಎಂದು ಬಾಯಿಮಾತಿನಲ್ಲಿ ಒಪ್ಪಿಸಿ, ಹೂಹಾರ ಹಾಕಿಸಿಕೊಂಡು ರೈಲು ಹತ್ತುತ್ತಾನೆ. ಬೀಳ್ಕೊಡುಗೆಯ ಭಾಷಣಗಳಲ್ಲಿ ‘ತುಂಬಲಾರದ ನಷ್ಟ’ ಎಂಬ ಮಾತು ಬರುತ್ತದಲ್ಲ, ಧ್ವನಿಮೇಜಿನ ಮಟ್ಟಿಗೆ ಅದು ಅಕ್ಷರಶಃ ಸತ್ಯ.

ಈಗ ನಾನಿರುವ ಸಂಘದಲ್ಲಿ ನೂರು ಪುಟದ ಸಾದಾ ಪುಸ್ತಕವೊಂದನ್ನು ಮಿಕ್ಸರಿನ ಪೆಟ್ಟಿಗೆಯಲ್ಲಿ ಇರಿಸಿದ್ದೇವೆ. ಪ್ರತಿ ನವೀಕರಣಕ್ಕೆ ಮೊದಲು ಅದರಲ್ಲಿ ಬರೆಯಬೇಕು: ದಿನಾಂಕ, ಈಗಿನ ಆವೃತ್ತಿ, ಹೊಸ ಆವೃತ್ತಿ, ಕಾರಣ, ಮಾಡುವವರ ಹೆಸರು. ದೃಶ್ಯಗಳ ಪೂರ್ಣ ಪ್ರತಿಯನ್ನು ಎರಡು ಡ್ರೈವುಗಳಿಗೆ ತೆಗೆದದ್ದಕ್ಕೆ ಸಹಿ. ಒಂದು ಡ್ರೈವ್ ಪೆಟ್ಟಿಗೆಯಲ್ಲಿ, ಇನ್ನೊಂದು ಕಾರ್ಯದರ್ಶಿಯ ಮನೆಯಲ್ಲಿ. ಇನ್‌ಪುಟ್ ದಾರಿಯ ಪುಟದ, ಗಡಿಯಾರದ ಪುಟದ, ಫ್ಯಾಂಟಮ್ ವಿದ್ಯುತ್ತಿನ ಪುಟದ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದು ಮುದ್ರಿಸಿ ಅಂಟಿಸುತ್ತೇವೆ. ಆಮೇಲೆ ಒಂದು ಮೈಕು ಹಿಡಿದು ಸ್ಟೇಜ್ ಬಾಕ್ಸಿನ ಪ್ರತಿ ಸಾಕೆಟ್ಟಿನಲ್ಲೂ ಒಂದರಿಂದ ಹತ್ತು ಎಣಿಸಿ ನೋಡುತ್ತೇವೆ. ನಮ್ಮ ಹೊಸ ಸದಸ್ಯರೊಬ್ಬರ ಮಗಳು, ಎಂಟನೆಯ ತರಗತಿಯವಳು, ಈ ಎಣಿಕೆಯನ್ನು ತನ್ನ ಹಕ್ಕೆಂದೇ ಭಾವಿಸಿದ್ದಾಳೆ. ಕನ್ನಡ ಅಂಕಿಗಳನ್ನು ಹತ್ತರಾಚೆಗೆ ಕಲಿತದ್ದು ಮೂವತ್ತೆರಡು ಸಾಕೆಟ್ಟುಗಳ ದೆಸೆಯಿಂದ ಎಂದು ಅವಳ ತಾಯಿಯ ಅಂಬೋಣ.

ಸಾಹಿತ್ಯ ಕೂಟದ ಅಂಕಣದಲ್ಲಿ ಇದೆಲ್ಲ ಏಕೆ ಎಂದು ಕೇಳುವವರಿಗೆ ಒಂದು ಮಾತು. ಬಳಕೆಯ ವಿದ್ಯೆಯನ್ನು ಕನ್ನಡದಲ್ಲಿ ಬರೆಯುವುದು ಹೊಸ ಚಟವಲ್ಲ. ಹನ್ನೊಂದನೆಯ ಶತಮಾನದಲ್ಲಿ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಅಡುಗೆಯಿಂದ ಹಿಡಿದು ಭೂಮಿಯೊಳಗಿನ ನೀರು ಹುಡುಕುವ ಬಗೆಯವರೆಗೆ ಬರೆದ, ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ ಬರೆದ. ಯಕ್ಷಗಾನಕ್ಕಾಗಿ ಜೀವ ತೇಯ್ದ ಕಾರಂತರೇ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನೂ ರಚಿಸಿದರು. ಕಥೆ, ಕವನ, ವಿಮರ್ಶೆಗಳಿಗೆ ನಮ್ಮ ಕೂಟಗಳಲ್ಲಿ ಲೇಖಕರ ಕೊರತೆಯಿಲ್ಲ. ‘ಸ್ಟೇಜ್ ಬಾಕ್ಸಿನಿಂದ ಧ್ವನಿ ಬಾರದಿದ್ದರೆ ಮೊದಲು ಏನು ನೋಡಬೇಕು’ ಎಂದು ಅರ್ಧ ಪುಟ ತಿಳಿಗನ್ನಡದಲ್ಲಿ ಬರೆದುಕೊಡಿ ಎಂದರೆ ಮಾತ್ರ ಎಲ್ಲರೂ ಗಡಿಯಾರ ನೋಡಿಕೊಳ್ಳುತ್ತಾರೆ. ಬರೆಯಲು ಕುಳಿತವರಿಗೆ ಗೊತ್ತಾಗುತ್ತದೆ, ಅದು ಸುಲಭದ ಗದ್ಯವಲ್ಲ. ಪ್ರತಿ ಕ್ರಿಯಾಪದವೂ ಒಂದು ಗುಂಡಿಗೆ ಸರಿಯಾಗಿ ಕೂಡಬೇಕು.

ಕಾಲದ ವಿಚಾರದಲ್ಲಿ ನಮ್ಮ ಸಮಿತಿ ಒಂದು ನಿರ್ಣಯ ಮಾಡಿದೆ. ವರ್ಷದಲ್ಲಿ ಎರಡೇ ಸಲ ಯಂತ್ರದ ಒಳಗೆ ಕೈಹಾಕುವುದು: ಯುಗಾದಿ ಕಾರ್ಯಕ್ರಮ ಮುಗಿದ ಮೇಲೆ ಬೇಸಿಗೆಯಲ್ಲೊ��್ಮೆ, ರಾಜ್ಯೋತ್ಸವದ ಗದ್ದಲವೆಲ್ಲ ಕಳೆದು ಡಿಸೆಂಬರಿನಲ್ಲೊಮ್ಮೆ. ಮುಂದಿನ ಕಾರ್ಯಕ್ರಮಕ್ಕೆ ಮೂರು ವಾರಕ್ಕಿಂತ ಕಡಿಮೆ ಇದ್ದರೆ ಎಂಥ ಆಕರ್ಷಕ ಆವೃತ್ತಿ ಬಂದರೂ ಇಲ್ಲ. ಕಳೆದ ವಾರ ಕಾರ್ಯದರ್ಶಿಯವರು ಹೊಸ ಆವೃತ್ತಿಯ ಸುದ್ದಿ ಕಳುಹಿಸಿ ‘ನೋಡೋಣವೇ?’ ಎಂದು ಕೇಳಿದ್ದಾರೆ. ಬಿಡುಗಡೆ ಟಿಪ್ಪಣಿಯನ್ನು ಓದಿದೆ. ನಮಗೆ ಸಂಬಂಧಿಸಿದ್ದು ಒಂದೇ ಸಾಲು, ಅದೂ ನಮ್ಮ ಬಳಿ ಇಲ್ಲದ ಸ್ಟೇಜ್ ಬಾಕ್ಸೊಂದರ ಕುರಿತು. ಡಿಸೆಂಬರಿಗೆ ನೋಡೋಣ ಎಂದು ಉತ್ತರ ಬರೆದು, ಪುಸ್ತಕದಲ್ಲೂ ಗುರುತು ಹಾಕಿದ್ದೇನೆ. ಅಷ್ಟರೊಳಗೆ ನನ್ನ ವರ್ಗಾವಣೆಯ ಆದೇಶ ಬಂದರೆ ಓದುವವರಿಗೆ ಅಕ್ಷರ ತಿಳಿಯಲೆಂದು ಆ ಪುಟವನ್ನು ಸ್ವಲ್ಪ ದುಂಡಗೆ ಬರೆದಿದ್ದೇನೆ.